ಕಿಲೋಮೀಟರುಗಳ ಗುರಿ, ಮಂಡಿಯ ಮಿತಿ

ಭಾನುವಾರ ನಸುಕಿನಲ್ಲಿ ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆಯ ಬಳಿ ಅರ್ಧ ಗಂಟೆ ನಿಂತರೆ ಸಾಕು, ನಗರದ ಮಧ್ಯಮ ವರ್ಗದಲ್ಲಿ ಆಗಿರುವ ಒಂದು ಬದಲಾವಣೆ ಕಣ್ಣಿಗೆ ಬೀಳುತ್ತದೆ. ತಲೆಗೆ ಹೆಲ್ಮೆಟ್, ಸೀಟಿನ ಕೆಳಗೆ ಮಿನುಗುವ ಕೆಂಪು ದೀಪ, ನಂದಿ ಬೆಟ್ಟದ ಕಡೆಗೆ ಮುಖ ಮಾಡಿದ ಸೈಕಲ್‌ಗಳ ಸಾಲು. ಸವಾರರಲ್ಲಿ ಹೆಚ್ಚಿನವರು ಮೂವತ್ತರಿಂದ ಐವತ್ತರ ನಡುವಿನ ವಯಸ್ಸಿನವರು. ವಾರದ ಐದು ದಿನ ಕುರ್ಚಿಯಲ್ಲಿ ಕುಳಿತು ದುಡಿಯುವವರು. ಬಡವರ ವಾಹನವೆಂದು ಮೂಲೆಗೆ ಸೇರಿದ್ದ ಸೈಕಲ್, 2020ರ ಲಾಕ್‌ಡೌನ್ ನಂತರ ಉಳ್ಳವರ ಆರೋಗ್ಯ ಸಾಧನವಾಗಿ ಮರಳಿ ಬಂದಿದೆ. ಇದು ಸ್ವಾಗತಾರ್ಹ. ಆದರೆ ಉತ್ಸಾಹದ ಜೊತೆಗೆ ಒಂದು ಆತುರವೂ ಬಂದಿದೆ. ಮೊನ್ನೆ 40 ಕಿ.ಮೀ. ತುಳಿದವರು ಮುಂದಿನ ತಿಂಗಳು 200, ಅದರ ಮುಂದಿನ ತಿಂಗಳು 300 ಎಂದು ಲೆಕ್ಕ ಹಾಕುತ್ತಿದ್ದಾರೆ. ಈ ಏರಿಕೆಯ ವೇಗ ಎಷ್ಟಿರಬೇಕು ಎಂದು ಕೇಳುವವರು ಮಾತ್ರ ಕಡಿಮೆ.

ಈ ಲೆಕ್ಕಾಚಾರದ ಹಿಂದೆ ಇರುವುದು 'ಬ್ರೆವೆ' ಎಂಬ ಫ್ರೆಂಚ್ ಮೂಲದ ದೂರ ಸವಾರಿಯ ಪದ್ಧತಿ. 1904ರಲ್ಲಿ ಸ್ಥಾಪನೆಯಾದ ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ ಇದರ ನಿಯಮಗಳನ್ನು ರೂಪಿಸಿದೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ ಗಡುವು. ಒಂದೇ ಋತುವಿನಲ್ಲಿ ಈ ನಾಲ್ಕನ್ನೂ ಮುಗಿಸಿದವರು 'ಸೂಪರ್ ರಾಂಡನಿಯರ್' ಎನಿಸಿಕೊಳ್ಳುತ್ತಾರೆ. ಭಾರತದಲ್ಲಿ ಈ ಪದ್ಧತಿ ಬೇರೂರಿ ಸುಮಾರು ಒಂದೂವರೆ ದಶಕವಾಯಿತು. ಇದರ ಶಿಖರವೆಂದರೆ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ, 90 ಗಂಟೆಯಲ್ಲಿ ಸುಮಾರು 1,200 ಕಿ.ಮೀ. ಕ್ರಮಿಸಬೇಕಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. 2019 ಮತ್ತು 2023ರಲ್ಲಿ ಭಾರತದಿಂದ ನೂರಾರು ಮಂದಿ ಅಲ್ಲಿಗೆ ಹೋದರು. ಗಡುವಿನೊಳಗೆ ಮುಗಿಸಲಾಗದೆ ಮರಳಿದವರೂ ಅವರಲ್ಲಿ ಗಣನೀಯ ಸಂಖ್ಯೆಯಲ್ಲಿದ್ದರು. ಮುಂದಿನ ಸವಾರಿ 2027ರ ಆಗಸ್ಟ್‌ನದು. ಅದಕ್ಕೆ ಅರ್ಹತೆ ಪಡೆಯುವ ತವಕ ನಮ್ಮ ನಗರಗಳ ಸವಾರರಲ್ಲಿ ಎದ್ದುಕಾಣುತ್ತಿದೆ.

ಈ ವಿಷಯ ಬರೆಯಲು ನನಗಿರುವ ಅರ್ಹತೆ ನನ್ನದೇ ತಪ್ಪಿನಿಂದ ಬಂದದ್ದು. ಸೇವೆಯಿಂದ ನಿವೃತ್ತನಾದ ಮರುವರ್ಷ ನಾನೂ ಒಂದು ಗೇರ್ ಸೈಕಲ್ ಕೊಂಡೆ. ವಾರಕ್ಕೆ 60 ಕಿ.ಮೀ. ಆರಾಮವಾಗಿ ಸಾಗುತ್ತಿತ್ತು. ಗೆಳೆಯರ ಮಾತಿಗೆ ಹುರುಪೇರಿ ಎರಡೇ ವಾರಗಳಲ್ಲಿ ಅದನ್ನು 150ಕ್ಕೆ ಏರಿಸಿದೆ. ಉಸಿರು ಕಟ್ಟಲಿಲ್ಲ, ತೊಡೆ ನೋಯಲಿಲ್ಲ. ಮೂರನೆಯ ವಾರ ಮನೆಯ ಮೆಟ್ಟಿಲು ಇಳಿಯುವಾಗ ಬಲಮಂಡಿ ಚುಚ್ಚತೊಡಗಿತು. ಫಿಸಿಯೊಥೆರಪಿಸ್ಟ್ ಹೆಣ್ಣುಮಗಳು 'ಎಷ್ಟು ಕಿಲೋಮೀಟರ್ ಓಡಿಸುತ್ತೀರಿ' ಎಂದು ಕೇಳಬಹುದೆಂದುಕೊಂಡಿದ್ದೆ. ಆಕೆ ಕೇಳಿದ್ದು ಬೇರೆ: 'ಸಾರ್, ಒಂದು ತಿಂಗಳ ಹಿಂದೆ ಎಷ್ಟು ಓಡಿಸ್ತಿದ್ರಿ?' ಅರ್ಥಶಾಸ್ತ್ರ ಓದಿ, ಮೂರು ದಶಕ ಕಡತಗಳಲ್ಲಿ ಬೆಳವಣಿಗೆಯ ದರದ ಬಗ್ಗೆಯೇ ಟಿಪ್ಪಣಿ ಬರೆದ ನನಗೆ ಆ ಪ್ರಶ್ನೆ ನಾಚಿಕೆ ತಂದಿತು. ಅಪಾಯವಿದ್ದದ್ದು 150 ಎಂಬ ಸಂಖ್ಯೆಯಲ್ಲಲ್ಲ, 60ರಿಂದ 150ಕ್ಕೆ ಏರಿದ ವೇಗದಲ್ಲಿ. ಮಂಡಿ ಸರಿಹೋಗಲು ಮೂರು ತಿಂಗಳು ಬೇಕಾಯಿತು.

<b>ದೇಹದೊಳಗಿನ ಅಸಮತೋಲನ</b>

ವೇಗದ ಏರಿಕೆ ಏಕೆ ಅಪಾಯಕಾರಿ? ದೇಹದ ಎಲ್ಲ ಅಂಗಗಳೂ ಒಂದೇ ದರದಲ್ಲಿ ಬೆಳೆಯುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ನಿಯಮಿತ ವ್ಯಾಯಾಮ ಆರಂಭಿಸಿದ ಕೆಲವೇ ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ದೂಡಬಲ್ಲದಾಗುತ್ತದೆ. ಕೆಲವು ವಾರಗಳಲ್ಲಿ ಸ್ನಾಯುಕೋಶಗಳೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳು ವೃದ್ಧಿಸುತ್ತವೆ. ಆದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆ. ಅವು ಗಟ್ಟಿಗೊಳ್ಳಲು ತಿಂಗಳುಗಳೇ ಬೇಕು. ಹೀಗಾಗಿ ಆರೆಂಟು ವಾರ ಕಳೆದ ಹೊಸ ಸವಾರನ ಹೃದಯ ಮತ್ತು ಶ್ವಾಸಕೋಶ 'ಇನ್ನೂ ಹೋಗೋಣ' ಎನ್ನುತ್ತವೆ, ಮಂಡಿಚಿಪ್ಪಿನ ಕೆಳಗಿನ ರಜ್ಜು ಇನ್ನೂ ಹಳೆಯ ಸ್ಥಿತಿಯಲ್ಲೇ ಇರುತ್ತದೆ. ರಾಷ್ಟ್ರೀಯ ಉತ್ಪನ್ನ ಭರದಿಂದ ಬೆಳೆದು, ರಸ್ತೆ, ವಿದ್ಯುತ್, ಒಳಚರಂಡಿ ಹಿಂದುಳಿದರೆ ಏನಾಗುತ್ತದೆಂಬುದನ್ನು ಬೆಂಗಳೂರಿಗರಿಗೆ ವಿವರಿಸಬೇಕಾಗಿಲ್ಲ. ಮಂಡಿಯಲ್ಲಿ ಆಗುವುದೂ ಅದೇ.

ಪರಿಣತರೂ ಇದಕ್ಕೆ ಹೊರತಲ್ಲ. 109 ಮಂದಿ ವೃತ್ತಿಪರ ಸೈಕ್ಲಿಸ್ಟ್‌ಗಳನ್ನು ಕುರಿತು 2010ರಲ್ಲಿ ಪ್ರಕಟವಾದ ನಾರ್ವೆಯ ಸಂಶೋಧಕರ ಅಧ್ಯಯನವೊಂದರಲ್ಲಿ, ಬೀಳದೆ, ಕೇವಲ ಅತಿಬಳಕೆಯಿಂದ ಉಂಟಾದ ತೊಂದರೆಗಳಲ್ಲಿ ಶೇ 45ರಷ್ಟು ಕೆಳಬೆನ್ನಿಗೆ, ಶೇ 23ರಷ್ಟು ಮಂಡಿಗೆ ಸಂಬಂಧಿಸಿದ್ದವು. ತರಬೇತುದಾರ, ವೈದ್ಯ, ಅಳತೆಗೆ ತಕ್ಕ ಸೈಕಲ್ ಎಲ್ಲವೂ ಇರುವವರ ಸ್ಥಿತಿ ಇದಾದರೆ, ಬೇರೊಬ್ಬರ ಎತ್ತರಕ್ಕೆ ಹೊಂದಿಸಿದ ಸೀಟಿನ ಮೇಲೆ ಕುಳಿತು ದೂರ ಹೊರಡುವವರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಗಂಟೆಗೆ ಐದು ಸಾವಿರದಷ್ಟು ಬಾರಿ ಒಂದೇ ಚಲನೆಯನ್ನು ಪುನರಾವರ್ತಿಸುವ ಕ್ರೀಡೆ ಇದು. ಸೀಟು ಅರ್ಧ ಅಂಗುಲ ತಗ್ಗಾಗಿದ್ದರೆ ಅದರ ಬೆಲೆಯನ್ನು 30 ಕಿ.ಮೀ.ನಲ್ಲಿ ಯಾರೂ ತೆರುವುದಿಲ್ಲ. 150ರಲ್ಲಿ ಮಂಡಿ ತೆರುತ್ತದೆ. ಆದ್ದರಿಂದ ದೂರ ಹೆಚ್ಚಿಸುವ ಮೊದಲು ಸೈಕಲ್ಲನ್ನು ಮೈಗೆ ಹೊಂದಿಸಿಕೊಳ್ಳುವುದು, ಭಾರವಾದ ಗೇರಿನಲ್ಲಿ ಒತ್ತಿ ತುಳಿಯುವ ಬದಲು ಹಗುರ ಗೇರಿನಲ್ಲಿ ನಿಮಿಷಕ್ಕೆ 80-90 ಸುತ್ತು ತುಳಿಯುವುದನ್ನು ರೂಢಿಸಿಕೊಳ್ಳುವುದು ಅಗತ್ಯ.

<b>ಶೇಕಡಾ ಹತ್ತರ ಸೂತ್ರ</b>

ಇಂಥ ತೊಂದರೆಗಳಿಗೆ ಪರಿಹಾರವೆಂಬಂತೆ ಸವಾರರ ನಡುವೆ ಒಂದು ಸೂತ್ರ ಚಾಲ್ತಿಯಲ್ಲಿದೆ: ವಾರದಿಂದ ವಾರಕ್ಕೆ ಶೇ 10ಕ್ಕಿಂತ ಹೆಚ್ಚು ದೂರ ಏರಿಸಬಾರದು. ಎಚ್ಚರಿಕೆಯಾಗಿ ಇದು ಒಳ್ಳೆಯದೇ. ಆದರೆ ಚಕ್ರಬಡ್ಡಿಯ ಲೆಕ್ಕ ಗೊತ್ತಿರುವ ಯಾರಿಗೂ ಇದರ ಮಿತಿ ತಕ್ಷಣ ಹೊಳೆಯುತ್ತದೆ. ವಾರಕ್ಕೆ ಶೇ 10ರಂತೆ ಬೆಳೆದರೆ ಏಳು ವಾರ ಕಳೆಯುತ್ತಲೇ ದೂರ ಇಮ್ಮಡಿಯಾಗುತ್ತದೆ. 100 ಕಿ.ಮೀ.ಯಿಂದ ಆರಂಭಿಸಿದವರು ವರ್ಷವಿಡೀ ಸೂತ್ರ ಪಾಲಿಸಿದರೆ ಕೊನೆಯ ವಾರ 14 ಸಾವಿರ ಕಿ.ಮೀ. ತುಳಿಯಬೇಕಾಗುತ್ತದೆ! ಇನ್ನೊಂದು ತುದಿಯಲ್ಲಿ, ವಾರಕ್ಕೆ 20 ಕಿ.ಮೀ. ತುಳಿಯುವ ಹೊಸಬರಿಗೆ ಶೇ 10 ಎಂದರೆ ಬರೀ ಎರಡು ಕಿ.ಮೀ.; ಅಷ್ಟು ಅಂಜಿಕೆ ಬೇಕಿಲ್ಲ. ತಳಹದಿಯ ಗಾತ್ರ ಗೊತ್ತಿಲ್ಲದೆ ಶೇಕಡಾವಾರು ಪ್ರಮಾಣಕ್ಕೆ ಅರ್ಥವಿಲ್ಲ ಎಂಬ ಅಂಕಿಅಂಶ ಶಾಸ್ತ್ರದ ಮೊದಲ ಪಾಠ ಇಲ್ಲಿಯೂ ಅನ್ವಯಿಸುತ್ತದೆ.

ಸೂತ್ರವನ್ನು ಪರೀಕ್ಷೆಗೊಡ್ಡಿದ ಪ್ರಯತ್ನವೂ ನಡೆದಿದೆ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶೇ 10ರ ಸೂತ್ರದಂತೆ 13 ವಾರಗಳ ತರಬೇತಿ, ಮತ್ತೊಂದಕ್ಕೆ ಎಂಟು ವಾರಗಳ ಸಾಮಾನ್ಯ ತರಬೇತಿ ನೀಡಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿ ತರುವಂಥದ್ದು: ಎರಡೂ ಗುಂಪುಗಳಲ್ಲಿ ಐವರಲ್ಲಿ ಒಬ್ಬರಂತೆ ಗಾಯಗೊಂಡರು. ಅಧ್ಯಯನ ಓಟವನ್ನು ಕುರಿತದ್ದು, ಸೈಕಲ್ ಸವಾರಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ಒಂದು ಮಾತು ಸ್ಪಷ್ಟ. ಶೇಕಡಾವಾರು ಮಿತಿಯೊಂದೇ ಯಾರನ್ನೂ ಕಾಪಾಡುವುದಿಲ್ಲ. ಏರಿಕೆಯನ್ನು ದೇಹ ಜೀರ್ಣಿಸಿಕೊಳ್ಳಲು ಸಮಯ ಸಿಕ್ಕಿತೇ ಎಂಬುದೇ ಮುಖ್ಯ.

ಇದನ್ನು ಕಾರ್ಯರೂಪಕ್ಕೆ ತರುವುದು ಹೇಗೆ? ಅನುಭವಿಗಳು ಒಪ್ಪುವ ಮಾದರಿ, ಮೂರು ವಾರ ಏರಿಕೆ ಮತ್ತು ನಾಲ್ಕನೆಯ ವಾರ ಇಳಿಕೆ. ಈಗಾಗಲೇ ವಾರಕ್ಕೆ 100 ಕಿ.ಮೀ. ತುಳಿಯುವವರು 100, 110, 120 ಎಂದು ಏರಿ, ನಾಲ್ಕನೆಯ ವಾರ 80ಕ್ಕೆ ಇಳಿಯಬೇಕು. ಮತ್ತೆ 120, 135, 150, ಬಳಿಕ 100. ಮತ್ತೆ 150, 165, 180, ಬಳಿಕ 120. ಅನಂತರ 180 ಮತ್ತು 200. ಹೀಗೆ ದೂರ ಇಮ್ಮಡಿಯಾಗಲು 14 ವಾರ ಹಿಡಿಯುತ್ತದೆ; ಬರಿಯ ಶೇ 10ರ ಲೆಕ್ಕಕ್ಕಿಂತ ಎರಡರಷ್ಟು ಕಾಲ. ವ್ಯರ್ಥವೆನಿಸುವ ಆ ಇಳಿಕೆಯ ವಾರಗಳಲ್ಲೇ ದುರಸ್ತಿ ಕಾರ್ಯ ನಡೆಯುವುದು. ಈ ಅವಧಿಯಲ್ಲಿ ವಾರಾಂತ್ಯದ ದೀರ್ಘ ಸವಾರಿಯನ್ನು 50ರಿಂದ ಹಂತಹಂತವಾಗಿ 120-140 ಕಿ.ಮೀ.ಗೆ ಒಯ್ದವರು 200ರ ಬ್ರೆವೆಗೆ ಧೈರ್ಯವಾಗಿ ಹೋಗಬಹುದು. ಅಲ್ಲಿ ಬೇಕಾದ ಸರಾಸರಿ ವೇಗ, ವಿರಾಮವೂ ಸೇರಿ, ಗಂಟೆಗೆ 15 ಕಿ.ಮೀ.ಗಿಂತ ಕಡಿಮೆ. ಬ್ರೆವೆ ವೇಗವನ್ನು ಬೇಡುವುದಿಲ್ಲ, ತಾಳ್ಮೆಯನ್ನು ಬೇಡುತ್ತದೆ. ತರಬೇತಿಯ ಬಹುಪಾಲು ಕೂಡ ಪಕ್ಕದವರೊಡನೆ ಮಾತನಾಡುತ್ತ ಸಾಗಬಹುದಾದ ವೇಗದಲ್ಲೇ ಇರಬೇಕು. ದೂರವನ್ನೂ ವೇಗವನ್ನೂ ಒಂದೇ ವಾರದಲ್ಲಿ ಏರಿಸುವುದು ತಪ್ಪು.

<b>ಮಾರ್ಚ್ ಅಂತ್ಯದ ಖರ್ಚು</b>

ಸರ್ಕಾರಿ ಇಲಾಖೆಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಒಂದು ಪಿಡುಗು ಚೆನ್ನಾಗಿ ಗೊತ್ತು. ಹನ್ನೊಂದು ತಿಂಗಳು ಅನುದಾನ ಮುಟ್ಟದೆ, ಮಾರ್ಚ್ ಕೊನೆಯ ವಾರ ಇಡೀ ವರ್ಷದ ಹಣವನ್ನು ಖರ್ಚು ಮಾಡುವುದು. ಲೆಕ್ಕಪತ್ರದಲ್ಲಿ ಗುರಿ ಸಾಧನೆಯಾಗುತ್ತದೆ, ಕಾಮಗಾರಿ ಮಾತ್ರ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ನಮ್ಮ ನಗರಗಳ ವಾರಾಂತ್ಯದ ಸವಾರರು ಮಾಡುತ್ತಿರುವುದು ಇದನ್ನೇ. ಸೋಮವಾರದಿಂದ ಶನಿವಾರದವರೆಗೆ ಸೈಕಲ್ ಮನೆಯ ಬಾಲ್ಕನಿಯಲ್ಲಿ. ಭಾನುವಾರ ಒಂದೇ ಉಸಿರಿಗೆ 120 ಕಿ.ಮೀ. ವಾರದ ಒಟ್ಟು ಮೊತ್ತ ಒಂದೇ ಆದರೂ, ನಾಲ್ಕು ದಿನಕ್ಕೆ ಹಂಚಿದ 120 ಮತ್ತು ಒಂದೇ ದಿನದ 120 ದೇಹಕ್ಕೆ ಒಂದೇ ಅಲ್ಲ. ನಾನು ಸೇವೆಗೆ ಸೇರಿದ 1980ರ ದಶಕದಲ್ಲಿ ನಮ್ಮ ಗ್ರಾಮಲೆಕ್ಕಿಗರು ಕಂದಾಯ ವಸೂಲಿಗೆ ಹಳ್ಳಿಯಿಂದ ಹಳ್ಳಿಗೆ ಸೈಕಲ್ ಮೇಲೆಯೇ ಸುತ್ತುತ್ತಿದ್ದರು. ಗೇರಿಲ್ಲದ ಆ ಭಾರದ ಸೈಕಲ್ಲಿನ ಮೇಲೆ ದಿನಕ್ಕೆ ಇಪ್ಪತ್ತು, ಮೂವತ್ತು ಕಿ.ಮೀ. ಕ್ರಮಿಸುತ್ತಿದ್ದ ಅವರ ಬಂಡವಾಳ ವರ್ಷಾನುಗಟ್ಟಲೆ ಹನಿಹನಿಯಾಗಿ ಕೂಡಿದ್ದು.

ಇಂದಿನ ಆತುರಕ್ಕೆ ಸವಾರರನ್ನಷ್ಟೇ ದೂರುವುದು ನ್ಯಾಯವಲ್ಲ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಮಂಡಿಸಿದ ವಿಚಾರವೊಂದು ಈಗ ಸರ್ವವಿದಿತ: ಅಳತೆಗೋಲೇ ಗುರಿಯಾದಾಗ ಅದು ಒಳ್ಳೆಯ ಅಳತೆಗೋಲಾಗಿ ಉಳಿಯುವುದಿಲ್ಲ. ಕಿಲೋಮೀಟರ್ ಎಂಬುದು ಆರೋಗ್ಯದ ಒಂದು ಅಳತೆಗೋಲಾಗಿತ್ತು. ಮೊಬೈಲ್ ತಂತ್ರಾಂಶಗಳು ಅದನ್ನು ಪೈಪೋಟಿಯ ಪಟ್ಟಿಯಾಗಿಸಿವೆ. ಕಂಪನಿಗಳು 'ತಿಂಗಳಲ್ಲಿ ಅತಿ ಹೆಚ್ಚು ದೂರ ಕ್ರಮಿಸಿದ ಉದ್ಯೋಗಿ'ಗೆ ಬಹುಮಾನ ಘೋಷಿಸುತ್ತಿವೆ. ಇಂಥ ಸ್ಪರ್ಧೆ ಬಹುಮಾನಿಸುವುದು ಜಿಗಿತವನ್ನು, ನಿರಂತರತೆಯನ್ನಲ್ಲ. ಒಟ್ಟು ದೂರದ ಬದಲು ತಿಂಗಳಲ್ಲಿ ಎಷ್ಟು ದಿನ ಸೈಕಲ್ ಏರಿದರೆಂಬುದನ್ನು, ಕಚೇರಿಗೆ ಎಷ್ಟು ದಿನ ಸೈಕಲ್‌ನಲ್ಲಿ ಬಂದರೆಂಬುದನ್ನು ಎಣಿಸಿದರೆ ಖರ್ಚಿಲ್ಲದೆ ಗಾಯಗಳು ತಗ್ಗುತ್ತವೆ.

ನಲವತ್ತು ದಾಟಿದವರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ಅಕಾಲಿಕವಾಗಿ ನಿಧನರಾದಾಗ ರಾಜ್ಯದಾದ್ಯಂತ ಜನ ಹೃದಯ ತಪಾಸಣೆಗೆ ಮುಗಿಬಿದ್ದರು. ವ್ಯಾಯಾಮವೇ ಅಪಾಯವೆಂಬ ಊಹಾಪೋಹವೂ ಹಬ್ಬಿತು. ಅದು ಸರಿಯಲ್ಲ. ನಿಯಮಿತ, ಮಿತ ವ್ಯಾಯಾಮ ಹೃದಯಕ್ಕೆ ಹಿತವೆಂಬುದು ನಿರ್ವಿವಾದ. ಆದರೆ ವರ್ಷಗಟ್ಟಲೆ ಕುಳಿತಿದ್ದ ದೇಹವನ್ನು ಹಠಾತ್ತನೆ ಕಠಿಣ ಶ್ರಮಕ್ಕೆ ಒಡ್ಡುವುದು ಬೇರೆ ವಿಷಯ. ಮಧುಮೇಹ, ರಕ್ತದೊತ್ತಡ ಅಥವಾ ಕುಟುಂಬದಲ್ಲಿ ಹೃದ್ರೋಗದ ಹಿನ್ನೆಲೆ ಇರುವವರು ದೂರ ಏರಿಸುವ ಮೊದಲು ವೈದ್ಯರನ್ನು ಕಾಣಬೇಕು. ಎದೆಯ ಒತ್ತಡ, ತಲೆಸುತ್ತು, ಅಸಹಜ ಏದುಸಿರು ಕಂಡರೆ ಅಲ್ಲೇ ಇಳಿಯಬೇಕು. ಪದಕಕ್ಕಾಗಿ ಅವನ್ನು ಕಡೆಗಣಿಸುವಂತಿಲ್ಲ.

<b>ಅನ್ನ, ನೀರು, ನಿದ್ದೆ</b>

ದೂರ ಎರಡು ಗಂಟೆಯ ಮಿತಿ ದಾಟಿದಾಗ ಆಹಾರವೂ ತರಬೇತಿಯ ಭಾಗವಾಗುತ್ತದೆ. ದೇಹ ಸಂಗ್ರಹಿಸಿಟ್ಟುಕೊಳ್ಳುವ ಸಕ್ಕರೆಯ ಅಂಶ ಸುಮಾರು ಅರ್ಧ ಕಿಲೋ ಮಾತ್ರ. ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಒಳಗೆ ಹೋಗದಿದ್ದರೆ ಸವಾರ ನಡುದಾರಿಯಲ್ಲಿ ಕುಸಿಯುತ್ತಾನೆ. ಇದಕ್ಕೆ ವಿದೇಶಿ ಪೊಟ್ಟಣಗಳೇ ಬೇಕೆಂದಿಲ್ಲ. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇದೆ. ಬೆಲ್ಲ, ಕಡಲೆ ಮಿಠಾಯಿ, ದಾರಿಯ ಹೋಟೆಲಿನ ಇಡ್ಲಿ ಎಲ್ಲವೂ ಆಗುತ್ತದೆ. ಆದರೆ ಸವಾರಿಯ ನಡುವೆ ತಿನ್ನುವುದನ್ನು ಹೊಟ್ಟೆಗೂ ಅಭ್ಯಾಸ ಮಾಡಿಸಬೇಕು. ನೀರಿನ ವಿಷಯದಲ್ಲಿ ಇರುವ ತಪ್ಪು ಕಲ್ಪನೆಯನ್ನೂ ಬಿಡಬೇಕು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಡಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಸಾಮಾನ್ಯ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ಅತಿಯಾಗಿ ದ್ರವ ಕುಡಿದದ್ದು ಪ್ರಮುಖ ಕಾರಣ. ಬಾಯಾರಿಕೆಗೆ ತಕ್ಕಷ್ಟು ಕುಡಿಯುವುದು, ಉಪ್ಪು ಬೆರೆತ ಮಜ್ಜಿಗೆಯನ್ನೋ ಓಆರ್‌ಎಸ್ ದ್ರಾವಣವನ್ನೋ ಜೊತೆಗಿಟ್ಟುಕೊಳ್ಳುವುದು ವಿವೇಕ. ಬಿಸಿಲಿಗೆ ದೇಹ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕೆಂಬುದನ್ನು ಮಾರ್ಚ್-ಏಪ್ರಿಲ್‌ನಲ್ಲಿ ದೂರ ಏರಿಸುವವರು ಮರೆಯಬಾರದು.

ಎಲ್ಲಕ್ಕಿಂತ ಕಡೆಗಣಿತವಾಗಿರುವುದು ನಿದ್ದೆ. ಸತತ 17 ಗಂಟೆ ಎಚ್ಚರವಿದ್ದವರ ಗ್ರಹಣಶಕ್ತಿ, ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಕುಸಿಯುತ್ತದೆಂದು 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು. ಭಾರತದಲ್ಲಿ ಮೋಟಾರು ವಾಹನ ಚಾಲಕರಿಗೆ ಕಾನೂನು ವಿಧಿಸಿರುವ ಮಿತಿ ಶೇ 0.03. ಬೆಳಿಗ್ಗೆ ನಾಲ್ಕಕ್ಕೆ ಎದ್ದು 400 ಕಿ.ಮೀ. ಬ್ರೆವೆ ಆರಂಭಿಸಿದವರು ರಾತ್ರಿ ಹತ್ತರ ಹೊತ್ತಿಗೆ ಈ ಸ್ಥಿತಿ ತಲುಪಿರುತ್ತಾರೆ. ಆಗ ಲಾರಿಗಳು ಹೆದ್ದಾರಿಗೆ ಇಳಿದಿರುತ್ತವೆ. ರಾತ್ರಿ ಹಿಂಬದಿ, ಮುಂಬದಿ ದೀಪ ಮತ್ತು ಬೆಳಕು ಪ್ರತಿಫಲಿಸುವ ಮೇಲಂಗಿ ಕಡ್ಡಾಯವೆನ್ನುತ್ತವೆ ಬ್ರೆವೆಯ ನಿಯಮಗಳು. ಕಣ್ಣು ಮುಚ್ಚಿಕೊಳ್ಳುತ್ತಿರುವ ಸವಾರನಿಗೆ ಮೇಲಂಗಿ ಎಷ್ಟರಮಟ್ಟಿನ ರಕ್ಷಣೆ? ಇಪ್ಪತ್ತು ನಿಮಿಷ ಪೆಟ್ರೋಲ್ ಬಂಕಿನ ಕಟ್ಟೆಯ ಮೇಲೆ ಮಲಗಿ ಏಳುವುದು ಸೋಲಲ್ಲ. 200ರಿಂದ 400ಕ್ಕೆ ಏರುವುದೆಂದರೆ ಕಾಲುಗಳ ಶಕ್ತಿಯನ್ನಷ್ಟೇ ಅಲ್ಲ, ರಾತ್ರಿಯ ಅಪಾಯವನ್ನೂ ಏರಿಸಿಕೊಂಡಂತೆ.

<b>ರಸ್ತೆಯ ಪಾಲು</b>

ಇಲ್ಲಿಯವರೆಗೆ ಹೇಳಿದ್ದೆಲ್ಲ ಸವಾರನ ಕೈಯಲ್ಲಿರುವ ವಿಷಯ. ಉಳಿದದ್ದು ಸರ್ಕಾರದ ಕೈಯಲ್ಲಿದೆ. ದೇಶದ ರಸ್ತೆಗಳಲ್ಲಿ 2022ರಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ಇವರಲ್ಲಿ ಬಹುಪಾಲು ಮಂದಿ ಹವ್ಯಾಸಿಗಳಾಗಿರಲಾರರು. ಕೂಲಿಗೆ, ಶಾಲೆಗೆ, ಸಂತೆಗೆ ಹೊರಟವರೇ ಹೆಚ್ಚಿರಬೇಕು. ಹವ್ಯಾಸಿಗಳ ದೂರ ಹೆಚ್ಚಿದಷ್ಟೂ ಅವರೂ ಅದೇ ಅಪಾಯದಲ್ಲಿ ಹೆಚ್ಚು ಹೊತ್ತು ಕಳೆಯುತ್ತಾರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ಅದೇ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್ ಜೊತೆಗೆ ಸೈಕಲ್ ಸಂಚಾರವನ್ನೂ ನಿಷೇಧಿಸಲಾಯಿತು. ಸುರಕ್ಷತೆಯ ದೃಷ್ಟಿಯಿಂದ ಈ ನಿರ್ಧಾರ ಒಪ್ಪತಕ್ಕದ್ದೇ. ಆದರೆ ನಿಧಾನ ವಾಹನಗಳನ್ನೆಲ್ಲ ಸರ್ವಿಸ್ ರಸ್ತೆಗೆ ಕಳಿಸಿದ ಮೇಲೆ, ಆ ರಸ್ತೆ ನಿರಂತರವಾಗಿರಬೇಕು, ಅಲ್ಲಿ ಬೆಳಕಿರಬೇಕು, ಎದುರು ದಿಕ್ಕಿನಿಂದ ವಾಹನ ನುಗ್ಗಬಾರದು. ವಾಹನಗಳಿಗಿಂತ ಜನರ ಸಂಚಾರಕ್ಕೆ ಆದ್ಯತೆ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿ ಎರಡು ದಶಕವಾಯಿತು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ರೂಪಿಸಿದ ಸೈಕಲ್ ಪಥ ಹೆಚ್ಚು ಕಾಲ ಉಳಿಯಲಿಲ್ಲ.

ಕ್ಲಬ್‌ಗಳೂ ಕೆಲವು ಹೊಣೆ ಹೊರಬೇಕು. ಮೊದಲ ಬಾರಿಗೆ ಹೆಸರು ನೋಂದಾಯಿಸುವವರನ್ನು 'ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಎಷ್ಟು ತುಳಿದಿದ್ದೀರಿ' ಎಂದು ಕೇಳುವುದು ಕಷ್ಟವಲ್ಲ. 200 ಮತ್ತು 300ರ ನಡುವೆ ದುರಸ್ತಿಗೆ ಸಾಕಷ್ಟು ವಾರಗಳ ಅಂತರವಿಟ್ಟು ವೇಳಾಪಟ್ಟಿ ರೂಪಿಸಬಹುದು. ನಡುದಾರಿಯಲ್ಲಿ ನಿಲ್ಲಿಸಿದವರ ಅನುಭವವನ್ನೂ ಮುಗಿಸಿದವರ ಸಂಭ್ರಮದಷ್ಟೇ ಗೌರವದಿಂದ ಕೇಳಬಹುದು.

ನೂರು ಬಂಡಿಗಳು ಒಂದೇ ದಾರಿಯಲ್ಲಿ ಹೊರಟಾಗ ಅತಿ ನಿಧಾನದ ಎತ್ತಿನ ನಡಿಗೆಯೇ ಎಲ್ಲರ ನಡಿಗೆ ಎಂಬುದು ಜಾತ್ರೆಗೆ ಹೋದವರಿಗೆ ಗೊತ್ತು. ದೂರದ ಸವಾರಿಯಲ್ಲಿ ಆ ನಿಧಾನದ ಎತ್ತು ಕೆಲವರಿಗೆ ಮಂಡಿ, ಕೆಲವರಿಗೆ ನಿದ್ದೆ, ಇನ್ನು ಕೆಲವರಿಗೆ ಮನೆಯ ಮುಂದಿನ ರಸ್ತೆ. ಅದನ್ನು ಗುರುತಿಸಿ ಅದರ ವೇಗಕ್ಕೆ ಹೊಂದಿಕೊಂಡವರು ಹತ್ತು ವರ್ಷದ ಮೇಲೂ ಸೈಕಲ್ ಮೇಲಿರುತ್ತಾರೆ. ಪ್ಯಾರಿಸ್ಸಿನ ಸವಾರಿ 2027ಕ್ಕೆ ತಪ್ಪಿದರೆ 2031ಕ್ಕೆ ಮತ್ತೆ ಬರುತ್ತದೆ. ನನ್ನ ಮಟ್ಟಿಗೆ, ಈಗ ವಾರಕ್ಕೆ 120 ಕಿ.ಮೀ. ತುಳಿಯುತ್ತಿದ್ದೇನೆ. ಅಲ್ಲಿಗೆ ತಲುಪಲು ಹನ್ನೊಂದು ತಿಂಗಳು ಹಿಡಿಯಿತು. ಮೆಟ್ಟಿಲು ಇಳಿಯುವಾಗ ಮಂಡಿ ನೋಯುವುದಿಲ್ಲ.